ಟೈಲ್ಸ್ ಆರಿಸುವ ಮೊದಲು ತೇವ ಎಲ್ಲಿಂದ ಬರುತ್ತದೆ ನೋಡಿ: ಕರಾವಳಿ ಮನೆಗೆ ಹೊಸ ನೆಲ ಹಾಕಿಸುವುದು ಹೇಗೆ?

ಮೇ ಕೊನೆಗೆ, ಮಳೆ ಇನ್ನೇನು ಬಂತು ಅನ್ನುವಾಗ, ಕರಾವಳಿಯ ಮನೆಗಳಲ್ಲಿ ನೆಲ ಬೆವರಲು ಶುರುವಾಗುತ್ತದೆ. ಬೆಳಿಗ್ಗೆ ಎದ್ದು ಕಾಲಿಟ್ಟರೆ ಅಂಗಾಲು ಅಂಟುತ್ತದೆ. ಚಾಪೆ ಎತ್ತಿದರೆ ಅಡಿಯಲ್ಲಿ ಮುಗ್ಗಲು ವಾಸನೆ. ಟೈಲ್ಸ್ ಸಂದಿಯಲ್ಲಿ ಉಪ್ಪಿನ ಹಿಟ್ಟಿನ ಹಾಗೆ ಬಿಳಿ ಪುಡಿ. ಆಗ ಮನೆಯವರೆಲ್ಲ ಸೇರಿ ತೀರ್ಮಾನ ಮಾಡುತ್ತೇವೆ: ಈ ನೆಲ ಹಳತಾಯಿತು, ಹೊಸದು ಹಾಕಿಸೋಣ.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲೂ ಹೀಗೇ ಆಯಿತು. ಚಾವಡಿಯ ಟೈಲ್ಸ್ ಕಿತ್ತು ಹೊಸದು ಹಾಕಿಸಿದೆವು. ಮರುವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೇ ಮೂಲೆಯಲ್ಲಿ ಅದೇ ಬಿಳಿ ಪುಡಿ ಕಾಣಿಸಿಕೊಂಡಿತು. ಆಮೇಲೆ ಹೊರಗೆ ಹೋಗಿ ಗೋಡೆಯ ಬುಡದಲ್ಲಿ ಒಂದು ಕೊಡಪಾನ ನೀರು ಸುರಿದು ನೋಡಿದೆವು. ನೀರು ಗೇಟಿನ ಕಡೆ ಹೋಗಲಿಲ್ಲ, ಗೋಡೆಯ ಕಡೆಗೇ ಬಂತು. ಹಿಂದೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಮಣ್ಣು ತುಂಬಿಸಿ ಎತ್ತರ ಮಾಡಿದ್ದರು. ಅಂಗಳ ಹೆಚ್ಚುಕಮ್ಮಿ ಚಾವಡಿಯ ಮಟ್ಟಕ್ಕೇ ಬಂದುಬಿಟ್ಟಿತ್ತು. ಮುರಕಲ್ಲಿನ ಗೋಡೆ ಆ ನೀರನ್ನೆಲ್ಲ ಹೀರಿ ಒಳಗೆ ಕೊಡುತ್ತಿತ್ತು. ಟೈಲ್ಸ್‌ನದ್ದು ಏನೂ ತಪ್ಪಿರಲಿಲ್ಲ. ಗೋಡೆಯ ಉದ್ದಕ್ಕೆ ಒಂದೂವರೆ ಅಡಿ ಅಗಲಕ್ಕೆ ಇಂಟರ್‌ಲಾಕ್ ತೆಗೆಸಿ, ತಗ್ಗು ಮಾಡಿ, ಒಂದು ಚಿಕ್ಕ ಚರಂಡಿ ಬಿಡಿಸಿದೆವು. ಮುಂದಿನ ಮಳೆಗಾಲಕ್ಕೆ ಮೂಲೆ ಒಣಗಿತು.

ಹಾಗಾಗಿ ಅಂಗಡಿಗೆ ಹೋಗುವುದು ಮೊದಲ ಹೆಜ್ಜೆಯಲ್ಲ. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಇಲ್ಲಿ ನೆಲ ಬಾಳುವುದು ಅದರ ಅಡಿಯಲ್ಲಿ ಏನಿದೆ ಅನ್ನುವುದರ ಮೇಲೆ.

ಮೊದಲು ಪ್ಲಾಸ್ಟಿಕ್ ಪರೀಕ್ಷೆ

ಎರಡು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲ ಒರೆಸಿ ಒಣಗಿಸಿ, ಹಾಳೆ ಹಾಸಿ, ನಾಲ್ಕೂ ಬದಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಒಂದು ಪೂರ್ತಿ ದಿನ ಬಿಡಿ. ಟೈಲ್ಸ್ ಇರುವ ನೆಲವಾದರೆ ನಾಲ್ಕು ಟೈಲ್ಸ್ ಸೇರುವ ಸಂದಿಯ ಮೇಲೆ ಹಾಸಬೇಕು. ತೇವ ಮೇಲೆ ಬರುವುದು ಸಂದಿಯಿಂದಲೇ. ಈ ಪರೀಕ್ಷೆ ಮಳೆಗಾಲದಲ್ಲಿ ಮಾಡಿದರೆ ಒಳ್ಳೆಯದು. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಿರುತ್ತದೆ, ನೆಲವೂ ಒಣಗಿದ ಹಾಗೆ ಕಾಣುತ್ತದೆ.

ಮರುದಿನ ನೋಡಿ. ಹಾಳೆಯ ಅಡಿಭಾಗದಲ್ಲಿ ಹನಿಗಳಿದ್ದರೆ ತೇವ ಭೂಮಿಯಿಂದ ಏರುತ್ತಿದೆ. ಹಾಳೆಯ ಮೇಲೆ ಮಾತ್ರ ಹನಿ ಇದ್ದು ಅಡಿ ಒಣಗಿದ್ದರೆ ಅದು ಗಾಳಿಯ ತೇವ. ಫ್ರಿಜ್‌ನಿಂದ ತೆಗೆದ ಲೋಟದ ಹೊರಗೆ ನೀರು ಕೂರುತ್ತದಲ್ವಾ, ಇದೂ ಹಾಗೇ. ಕಡಲ ಕಡೆಯಿಂದ ಬರುವ ಬಿಸಿ, ಒದ್ದೆ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ಹನಿಯಾಗುತ್ತದೆ.

ಎರಡಕ್ಕೂ ಮದ್ದು ಬೇರೆ. ಗಾಳಿಯ ತೇವವಾದರೆ ನೆಲ ಅಗೆಯುವ ಅಗತ್ಯವೇ ಇಲ್ಲ. ಫ್ಯಾನ್ ಹಾಕಿ, ಗಾಳಿ ಆಡುವ ಹಾಗೆ ಮಾಡಿ, ಹೊಸದು ಹಾಕುವಾಗ ನುಣುಪು ಟೈಲ್ಸ್ ಬಿಟ್ಟು ಮ್ಯಾಟ್ ಟೈಲ್ಸ್ ಹಾಕಿದರೆ ಸಾಕು. ಭೂಮಿಯ ತೇವವಾದರೆ ಮಾತ್ರ ಅಡಿಯಿಂದಲೇ ಕೆಲಸ ಶುರುವಾಗಬೇಕು.

ಯಾವ ನೆಲ ಒಳ್ಳೆಯದು?

ಹೆಚ್ಚಿನ ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಬಿಗಿ ಮಾಡಿದ ವಿಟ್ರಿಫೈಡ್ ಟೈಲ್ಸ್ ಈಗ ಹೆಚ್ಚಿನವರ ಆಯ್ಕೆ. ಅದು ನೀರು ಹೀರುವುದು ತನ್ನ ತೂಕದ ಶೇ 0.5ಕ್ಕಿಂತ ಕಡಿಮೆ. ಉಪ್ಪು ಗಾಳಿಗೆ ಏನೂ ಆಗುವುದಿಲ್ಲ, ಕಲೆ ಹಿಡಿಯುವುದೂ ಅಪರೂಪ. ತೊಂದರೆ ಏನೆಂದರೆ ಹೊಳಪಿನದ್ದು ತೆಗೆದುಕೊಂಡರೆ ನೀರು ಬಿದ್ದಾಗ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಸ್ಯಾಂಪಲ್ ಟೈಲ್ ಕೆಳಗಿಟ್ಟು, ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ಅಂಗಾಲಿನಿಂದ ಉಜ್ಜಿ ನೋಡಿ. ಕೈಸಾಲೆ, ಸಿಟೌಟ್, ಬಚ್ಚಲಿಗೆ ಜಾರದ ಟೈಲ್ಸ್ ಬೇಕೆಂದು ಬಿಡಿಸಿ ಕೇಳಿ. ಪೆಟ್ಟಿಗೆಯ ಮೇಲೆ ಆರ್-10 ಅಥವಾ ಆರ್-11 ಎಂದಿದ್ದರೆ ಒಳ್ಳೆಯದು. ಅಂಕಿ ಹೆಚ್ಚಾದಷ್ಟು ಜಾರುವುದು ಕಡಿಮೆ.

ಗ್ರಾನೈಟ್ ಗಟ್ಟಿ. ಕಾರ್ಕಳದ ಗೊಮ್ಮಟ 1432ರಿಂದ ನಮ್ಮ ಮಳೆಗೆ ನೆನೆಯುತ್ತಾ ನಿಂತಿದ್ದಾನೆ, ಅಂಥ ಕಲ್ಲು ಅದು. ಸಿಟೌಟ್‌ಗೆ, ಮೆಟ್ಟಿಲಿಗೆ ಪಾಲಿಶ್ ಮಾಡದ, ಒರಟು ಮೇಲ್ಮೈಯ ಗ್ರಾನೈಟ್ ಹಾಕಿಸಿ.

ಅಮೃತಶಿಲೆ, ಅಂದರೆ ಮಾರ್ಬಲ್, ನಮ್ಮ ಅಡುಗೆಮನೆಗಳಿಗೆ ಹೇಳಿಸಿದ್ದಲ್ಲ. ಅದರಲ್ಲಿರುವುದು ಸುಣ್ಣದ ಅಂಶ. ಹುಳಿ ಬಿದ್ದರೆ ತಿಂದುಹಾಕುತ್ತದೆ. ಪುನರ್ಪುಳಿ ಸಾರು ಒಂದು ಸೌಟು ಚೆಲ್ಲಿ ತಕ್ಷಣ ಒರೆಸದೆ ಬಿಟ್ಟರೆ ಬಣ್ಣದ ಕಲೆ ಒಂದು, ಹೊಳಪು ಹೋದ ಮಂಕು ಗುರುತು ಇನ್ನೊಂದು. ಬಣ್ಣವನ್ನಾದರೂ ತೆಗೆಯಬಹುದು, ಆ ಮಂಕು ಹೋಗಬೇಕಾದರೆ ಮತ್ತೆ ಪಾಲಿಶ್ ಮಾಡಿಸಬೇಕು. ಕಡಪ, ಶಹಾಬಾದ್ ಕಲ್ಲುಗಳೂ ಸುಣ್ಣದ ಜಾತಿಯವೇ. ತಂಪಾಗಿರುತ್ತವೆ, ಹಿತ್ತಿಲ ಬದಿಗೆ, ಸ್ಟೋರ್ ರೂಮಿಗೆ ಚೆನ್ನ. ಆಸಿಡ್ ಮಾತ್ರ ತಾಗಿಸಬೇಡಿ.

ಮರದ ಹಾಗೆ ಕಾಣುವ ಲ್ಯಾಮಿನೇಟ್ ಹಲಗೆ ಕೆಳ ಅಂತಸ್ತಿಗೆ ಬೇಡವೇ ಬೇಡ. ಅದರೊಳಗಿರುವುದು ಒತ್ತಿ ಮಾಡಿದ ಮರದ ಹುಡಿ. ತೇವ ತಾಗಿದರೆ ಅಂಚು ಉಬ್ಬುತ್ತದೆ, ಜೊತೆಗೆ ಒರಲೆಯ ಭಯ. ಆ ನೋಟವೇ ಬೇಕೆಂದರೆ ಮರದ ವಿನ್ಯಾಸದ ವಿಟ್ರಿಫೈಡ್ ಟೈಲ್ಸ್ ಸಿಗುತ್ತದೆ.

ಇನ್ನು ನನಗೆ ಇಷ್ಟದ ಎರಡು ನೆಲಗಳ ಮಾತು. ಒಂದು, ಸುಟ್ಟ ಮಣ್ಣಿನ ಟೈಲ್ಸ್. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಾಡಿನ ಹಂಚಿನ ಜೊತೆಗೆ ನೆಲದ ಹಂಚೂ ನಮ್ಮ ಹಳೇ ಮನೆಗಳಿಗೆ ಬಂತು. ಇದು ಸ್ವಲ್ಪ ನೀರು ಹೀರಿ ಆಮೇಲೆ ಬಿಡುತ್ತದೆ. ಹಾಗಾಗಿ ಬೆವರಿದರೂ ಕಾಲಿಗೆ ಅಷ್ಟು ಗೊತ್ತಾಗುವುದಿಲ್ಲ. ಎಣ್ಣೆ ಕಲೆ ಬೇಗ ಹಿಡಿಯುತ್ತದೆ, ಆದ್ದರಿಂದ ಅಡುಗೆಮನೆಗೆ ಬೇಡ. ಮಳೆ ಎರಚಲು ಬೀಳುವ ಕಡೆ ಪಾಚಿ ಕಟ್ಟುತ್ತದೆ.

ಇನ್ನೊಂದು ಕಾವಿ ನೆಲ, ಅದೇ ರೆಡ್ ಆಕ್ಸೈಡ್. ಐವತ್ತು ಅರವತ್ತು ವರ್ಷದ ಕಾವಿ ನೆಲಗಳು ಇಂದಿಗೂ ಕನ್ನಡಿಯ ಹಾಗೆ ಹೊಳೆಯುವುದನ್ನು ನೀವೂ ನೋಡಿರುತ್ತೀರಿ. ಸಾಮಾನು ಅಗ್ಗ, ಕೈಕೆಲಸ ದುಬಾರಿ. ಅಡಿಯ ಗಾರೆ ಇನ್ನೂ ಹಸಿ ಇರುವಾಗಲೇ ಸಿಮೆಂಟು ಮತ್ತು ಕಾವಿ ಪುಡಿಯ ಪದರ ಕೂರಬೇಕು. ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು. ಕರಣೆಯಿಂದ ಎಳೆದು ಎಳೆದು ನುಣುಪು ಮಾಡಬೇಕು. ಆಮೇಲೆ ವಾರಕ್ಕೂ ಹೆಚ್ಚು ಕಾಲ ನೀರು ನಿಲ್ಲಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಬಿರುಕು ಖಂಡಿತ. ಮೇಸ್ತ್ರಿ ಮೊದಲು ಮಾಡಿದ ನೆಲವೊಂದನ್ನು ಹೋಗಿ ಕಣ್ಣಾರೆ ನೋಡದೆ ಒಪ್ಪಿಸಬೇಡಿ.

ಯಾವಾಗ, ಎಷ್ಟು?

ದೀಪಾವಳಿ ಕಳೆದು ಶಿವರಾತ್ರಿಯವರೆಗಿನ ಕಾಲ ಸರಿಯಾದ ಸಮಯ. ಮಳೆಗಾಲದಲ್ಲಿ ಕಾಂಕ್ರೀಟ್ ಒಣಗುವುದೇ ಇಲ್ಲ.

ಲೆಕ್ಕ ಸುಲಭ. 12 ಅಡಿ ಅಗಲ, 14 ಅಡಿ ಉದ್ದದ ಕೋಣೆ ಎಂದರೆ 168 ಚದರ ಅಡಿ. ತುಂಡಾಗುವುದಕ್ಕೆ, ಕತ್ತರಿಸುವುದಕ್ಕೆ ಶೇ 10 ಸೇರಿಸಿದರೆ ಸುಮಾರು 185. ಎರಡಡಿಯ ಟೈಲ್ ಎಂದು ಕೊಡುವುದು ನಿಜದಲ್ಲಿ 600 ಮಿ.ಮೀ. ಚೌಕ. ನಾಲ್ಕು ಟೈಲ್ಸ್‌ನ ಪೆಟ್ಟಿಗೆಯಲ್ಲಿ 16 ಅಲ್ಲ, 15.5 ಚದರ ಅಡಿ ಬರುತ್ತದೆ. 12 ಪೆಟ್ಟಿಗೆ ಬೇಕು. ಪ್ರತಿ ಪೆಟ್ಟಿಗೆಯ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯಾ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿ. ನೆಲಕ್ಕೆ ಕೂರಿಸಿದ ಮೇಲೆ ಬಣ್ಣದ ವ್ಯತ್ಯಾಸ ಕಂಡರೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ನೆಲದಡಿಯ ಕೆಲಸ

ನಮ್ಮ ಮನೆಯ ಹಾಗೆ ಹೊರಗಿನ ನೀರನ್ನು ಗೋಡೆಯಿಂದ ದೂರ ಮಾಡಿದ ಮೇಲೂ ಭೂಮಿಯ ತೇವ ಏರುತ್ತಿದ್ದರೆ ಹಳೇ ನೆಲ ಅಗೆಯಲೇಬೇಕು. ಮಣ್ಣನ್ನು ಪದರ ಪದರವಾಗಿ ತುಂಬಿ, ನೀರು ಹಾಕಿ, ಚೆನ್ನಾಗಿ ಗುದ್ದಿಸಬೇಕು. ಒಮ್ಮೆಗೇ ಎರಡಡಿ ತುಂಬಿಸಿ ಮೇಲಿಂದ ಗುದ್ದಿದರೆ ಒಳಗೆ ಪೊಳ್ಳು ಉಳಿದು ನೆಲ ಕುಸಿಯುತ್ತದೆ. ಒರಲೆಯ ಔಷಧಿ ಹಾಕಿಸುವುದಿದ್ದರೆ ಈ ಹಂತದಲ್ಲೇ.

ಮಣ್ಣಿನ ಮೇಲೆ ಆರು ಇಂಚು ದಪ್ಪಕ್ಕೆ ಜಲ್ಲಿ ಹಾಸಿಸಿ. ಇದು ಮುಖ್ಯ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ, ಮೇಲೇರುತ್ತದೆ. ಜಲ್ಲಿಯ ನಡುವಿನ ಸಂದಿ ದೊಡ್ಡದು, ಅಲ್ಲಿ ಏರಲಾರದು. ಜಲ್ಲಿಯ ಮೊನೆ ಮುಚ್ಚುವಷ್ಟು ತೆಳುವಾಗಿ ಹೊಯಿಗೆ ಹರಡಿ, ಅದರ ಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದು ಹಾಳೆ ಇನ್ನೊಂದರ ಮೇಲೆ ಒಂದಡಿ ಬರಲಿ, ಗೋಡೆಯ ಬದಿಗೆ ನಾಲ್ಕಿಂಚು ಮೇಲೆ ಮಡಚಿರಲಿ. ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಕೆಲಸದವರು ಹಾಳೆಯ ಮೇಲೆ ಸಲಿಕೆ ಎಳೆಯದ ಹಾಗೆ ನಿಂತು ನೋಡಿಕೊಳ್ಳಿ. ಒಂದು ತೂತು ಬಿದ್ದರೂ ತೇವ ಅಲ್ಲಿಂದ ದಾರಿ ಹುಡುಕಿಕೊಳ್ಳುತ್ತದೆ.

ಹೊಯಿಗೆ, ನೀರಿನ ವಿಷಯದಲ್ಲಿ ರಾಜಿ ಬೇಡ. ಕಡಲ ದಂಡೆಯ ಮರಳು, ಅಳಿವೆಯ ಉಪ್ಪು ಮರಳು ಅಗ್ಗಕ್ಕೆ ಸಿಕ್ಕಿದರೂ ಬೇಡ. ಅದರಲ್ಲಿನ ಉಪ್ಪೇ ಆಮೇಲೆ ಬಿಳಿ ಪುಡಿಯಾಗಿ ಮೇಲೆ ಬರುವುದು. ಒಂದು ಚಿಟಿಕೆ ಮರಳು ನಾಲಿಗೆಗೆ ತಾಗಿಸಿ ನೋಡಿದರೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪು ನುಗ್ಗುವ ಮನೆಗಳವರು ಕಲಸುವುದಕ್ಕೆ, ನೀರು ಕಟ್ಟುವುದಕ್ಕೆ ಸಿಹಿನೀರನ್ನೇ ತರಿಸಿ. ಹೊಯಿಗೆ ಸಿಗದಿದ್ದರೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಆಗುತ್ತದೆ.

ತೇವದ ತಂಟೆ ಇಲ್ಲದ ಮನೆಯವರು ಹಳೇ ಟೈಲ್ಸ್ ಮೇಲೆಯೇ ಹೊಸದು ಹಾಕಬಹುದು. ಆದರೆ ಒಂದೊಂದೇ ಟೈಲ್ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಕೀಳಲೇಬೇಕು. ನೆಲ ಮುಕ್ಕಾಲು ಇಂಚಿನಷ್ಟು ಏರುವುದರಿಂದ ಬಾಗಿಲು ತಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ಟೈಲ್ಸ್ ಕೂರಿಸುವುದು

ಟ್ಯೂಬ್ ಲೆವೆಲ್‌ನಿಂದ (ನೀರು ತುಂಬಿದ ಪಾರದರ್ಶಕ ಕೊಳವೆ) ಸುತ್ತ ಗೋಡೆಗೆ ಮಟ್ಟದ ಗುರುತು. ಕೋಣೆಯ ಮಧ್ಯೆ ಎರಡು ನೂಲು, ಮೂಲೆ ಸರಿಯಿದೆಯಾ ನೋಡಲು 3-4-5 ಅಡಿಯ ಲೆಕ್ಕ: ಮೂಲೆಯಿಂದ ಒಂದು ನೂಲಿನಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿದರೆ ಆ ಎರಡು ಗುರುತುಗಳ ನಡುವೆ 5 ಅಡಿ ಬರಬೇಕು. ಒಂದು ಸಾಲು ಅಂಟು ಹಾಕದೆ ಹಾಗೇ ಜೋಡಿಸಿ, ಕತ್ತರಿಸಿದ ತುಂಡುಗಳು ಬಾಗಿಲ ಎದುರಿಗೆ ಬರದ ಹಾಗೆ ನೋಡಿ. ಸಿಟೌಟ್‌ನಲ್ಲಿ ಹತ್ತಡಿಗೆ ಒಂದೂವರೆ ಇಂಚು ಹೊರಗೆ ಇಳಿಜಾರು ಕೊಡಿ. ಇಲ್ಲದಿದ್ದರೆ ಎರಚಲು ನೀರು ಒಳಗೇ ಬರುತ್ತದೆ.

ವಿಟ್ರಿಫೈಡ್ ಟೈಲ್‌ಗೆ ಸಿಮೆಂಟ್ ಹಾಲು ಹಿಡಿಯುವುದಿಲ್ಲ, ಏಕೆಂದರೆ ಅದು ನೀರೇ ಹೀರುವುದಿಲ್ಲ. ನಡುವೆ ಒಂದು ಮುದ್ದೆ, ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಟೈಲ್ ಒತ್ತಿದರೆ ನಡುವೆ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿನಲ್ಲಿ ಆಮೇಲೆ ನೀರು ನಿಲ್ಲುತ್ತದೆ. ಟೈಲ್ ಅಂಟನ್ನೇ ಬಳಸಿ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೀರು ಎಳೆದು, ಟೈಲ್ ಕೂರಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು.

ಮೊದಲ ನಾಲ್ಕೈದು ಟೈಲ್ ಆದ ಮೇಲೆ ಮೇಸ್ತ್ರಿಯ ಹತ್ತಿರ ವಿನಯದಿಂದ ಕೇಳಿ: "ಒಂದನ್ನು ಎತ್ತಿ ತೋರಿಸ್ತೀರಾ?" ಹಸಿ ಇರುವಾಗ ಎತ್ತಿದರೆ ಏನೂ ಹಾಳಾಗುವುದಿಲ್ಲ. ಟೈಲಿನ ಬೆನ್ನು ಪೂರ್ತಿ ಅಂಟಿನಿಂದ ತುಂಬಿರಬೇಕು. ಅಲ್ಲಲ್ಲಿ ಬರೀ ಬೆನ್ನು ಕಂಡರೆ ಅಂಟು ಸಾಲದು. ಮೇಸ್ತ್ರಿಯ ಕೈ ಒಳ್ಳೆಯದಿದ್ದರೆ ಅವರು ಖುಷಿಯಿಂದಲೇ ತೋರಿಸುತ್ತಾರೆ.

ಸಂದಿ ಬೇಡ, ಒತ್ತಿ ಒತ್ತಿ ಕೂರಿಸಿ ಎಂದು ತುಂಬ ಜನ ಹೇಳುತ್ತಾರೆ. ನೋಡಲು ಚೆಂದ, ಆದರೆ ಅಡಿಯ ಕಾಂಕ್ರೀಟ್ ಬಿಸಿಲಿಗೆ, ತೇವಕ್ಕೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಟೈಲ್‌ಗೆ ಜಾಗವಿಲ್ಲದಿದ್ದರೆ ಒಂದು ದಿನ ಟಪ್ಪೆಂದು ಗುಡಾರದ ಹಾಗೆ ಎದ್ದು ನಿಲ್ಲುತ್ತದೆ. ಎರಡು ಮೂರು ಮಿ.ಮೀ. ಸಂದಿ, ಗೋಡೆಯ ಬದಿಗೆ ಆರು ಮಿ.ಮೀ. ಬಿಡಿಸಿ. ಗೋಡೆಯ ಸಂದಿ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಹಾಕುವ ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಒಂದು ದಿನ ಬಿಟ್ಟು ಗ್ರೌಟ್, ಅಂದರೆ ಸಂದಿ ತುಂಬುವುದು. ಅಡುಗೆಮನೆ, ಬಚ್ಚಲಿಗೆ ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ. ಬೆಲೆ ಜಾಸ್ತಿ, ಆದರೆ ನೀರು ಹೀರುವುದಿಲ್ಲ, ಅರಿಶಿನದ ಕಲೆಯೂ ಸುಲಭಕ್ಕೆ ಹಿಡಿಯುವುದಿಲ್ಲ. ಮೇಲೆ ಮೆತ್ತಿಕೊಂಡದ್ದನ್ನು ಆಗಲೇ ಒರೆಸಬೇಕು, ಗಟ್ಟಿಯಾದರೆ ತೆಗೆಯುವುದು ಬಹಳ ಕಷ್ಟ. ಉಳಿದ ಕೋಣೆಗಳಿಗೆ ಸಿಮೆಂಟ್ ಗ್ರೌಟ್ ಸಾಕು. ಕಪಾಟು, ಮಂಚ ಇಡಲು ಒಂದು ವಾರ ಕಾಯಿರಿ.

ಹಾಕಿದ ಮೇಲೆ

ಕಡಲ ಮರಳು ಗಾಜಿಗಿಂತ ಗಟ್ಟಿ. ಕಾಲಿಗೆ ಅಂಟಿ ಒಳಗೆ ಬಂದರೆ ಟೈಲ್ಸ್ ಹೊಳಪನ್ನು ಗೀರಿಬಿಡುತ್ತದೆ. ಹಿಂದಿನ ಮನೆಗಳಲ್ಲಿ ಜಗಲಿಯ ಹತ್ತಿರ ಕಾಲು ತೊಳೆಯಲು ನೀರು ಇಡುತ್ತಿದ್ದರಲ್ಲ, ಮೆಟ್ಟಿಲ ಬದಿಗೆ ಒಂದು ನಳ ಹಾಕಿಸಿದರೆ ಅದೇ ಕೆಲಸ ಆಗುತ್ತದೆ. ನೆಲ ಒರೆಸಲು ಆಸಿಡ್ ಬೇಡ, ಅದು ಸಿಮೆಂಟ್ ಗ್ರೌಟನ್ನೂ ಕಾವಿ ನೆಲವನ್ನೂ ತಿನ್ನುತ್ತದೆ. ಉಪ್ಪು ಗಾಳಿಗೆ ಕಬ್ಬಿಣದ ಕಪಾಟು, ಕುರ್ಚಿಗಳ ಕಾಲು ಬೇಗ ತುಕ್ಕು ಹಿಡಿಯುತ್ತದೆ. ಬೆವರಿದ ನೆಲದ ಮೇಲೆ ಆ ತುಕ್ಕು ಇಳಿದು ಕೆಂಪು ಉಂಗುರವಾಗಿ ಉಳಿಯುತ್ತದೆ. ಸಾಮಾನು ಒಳಗೆ ತರುವ ಮೊದಲೇ ಪ್ರತಿ ಕಾಲಿಗೂ ರಬ್ಬರ್ ಬುಷ್ ಹಾಕಿ. ಉಳಿದ ಟೈಲ್ಸ್‌ನಲ್ಲಿ ನಾಲ್ಕನ್ನಾದರೂ ಶೇಡ್ ನಂಬರಿನ ಚೀಟಿಯ ಸಮೇತ ಅಟ್ಟದಲ್ಲಿ ಎತ್ತಿಡಿ. ಹತ್ತು ವರ್ಷದ ಮೇಲೆ ಒಂದು ಟೈಲ್ ಒಡೆದರೆ ಅಂಗಡಿಯಲ್ಲಿ ಅದೇ ಬಣ್ಣ ಸಿಗುವುದು ಕಷ್ಟ.