ಮುರಕಲ್ಲು ಮಣ್ಣಿನ ಗದ್ದೆಯಲ್ಲಿ ನೇಜಿಗೆ ರಂಜಕ ಸಿಗಬೇಕಾದರೆ

ಉಡುಪಿ, ಮಂಗಳೂರು ಸುತ್ತಲಿನ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಗದ್ದೆಗಳಲ್ಲಿ ರಂಜಕ ಇಲ್ಲವೆಂದಲ್ಲ, ಇದ್ದದ್ದು ನೇಜಿಗೆ, ಅಂದರೆ ಭತ್ತದ ಸಸಿಗೆ, ದಕ್ಕುವುದಿಲ್ಲ. ಜಡಿಮಳೆಗೆ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗಿದೆ. ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಹೆಚ್ಚಿನ ಕಡೆ 5ರ ಆಸುಪಾಸು. ಇಂಥ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಕಿದ ಗೊಬ್ಬರದ ಬಹುಪಾಲು ಆ ಬೆಳೆಗೆ ಸಿಗದೆ ಮಣ್ಣಿನಲ್ಲೇ ಉಳಿಯುತ್ತದೆ.

ಈ ಹಿಡಿತ ಸಡಿಲಿಸುವುದು ನಿಂತ ನೀರು. ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ಸಿಗದಾದಾಗ ತುಕ್ಕಿನ ರೂಪದ ಕಬ್ಬಿಣ ಕರಗುತ್ತದೆ, ಅದಕ್ಕೆ ಅಂಟಿದ ರಂಜಕವೂ ಬಿಡುಗಡೆಯಾಗುತ್ತದೆ. ಕೆಲವು ವಾರಗಳಲ್ಲಿ ಹುಳಿಯೂ ಇಳಿಯುತ್ತದೆ. ನೀರು ನಿಲ್ಲುವ ಬೈಲು ಗದ್ದೆಗೂ ಬೇಗ ಒಣಗುವ ಬೆಟ್ಟು ಗದ್ದೆಗೂ ಒಂದೇ ಲೆಕ್ಕದಲ್ಲಿ ಗೊಬ್ಬರ ಹಾಕುವುದು ಅದಕ್ಕೇ ಸರಿಯಲ್ಲ. ಗಿಡವೂ ಸುಮ್ಮನಿರುವುದಿಲ್ಲ. ಭತ್ತದ ಬೇರು ಆಮ್ಲಜನಕ ಹೊರಬಿಟ್ಟು ಸುತ್ತಲಿನ ಕಬ್ಬಿಣವನ್ನು ತುಕ್ಕಾಗಿಸುತ್ತದೆ; ಆಗ ಹುಟ್ಟುವ ಹುಳಿ ಇನ್ನಷ್ಟು ರಂಜಕ ಕರಗಿಸುತ್ತದೆ.

ಆದರೆ ರಂಜಕ ಯೂರಿಯಾದಂತೆ ನೀರಿನೊಡನೆ ಹರಿದು ಬರುವುದಿಲ್ಲ. ಬೇರಿನಿಂದ ಒಂದೆರಡು ಮಿಲಿಮೀಟರ್ ಒಳಗಿದ್ದದ್ದಷ್ಟೇ ಬೇರಿಗೆ ಸೇರುತ್ತದೆ. ತೆಂಡೆಯೊಡೆಯುವ (ಬುಡದಿಂದ ಕವಲು ಮೂಡುವ) ಮೊದಲೇ ಅದು ಬೇರಿನ ಬುಡದಲ್ಲಿರಬೇಕು. ಆಮೇಲೆ ಮೇಲುಗೊಬ್ಬರವಾಗಿ ಎರಚಿದ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಡೈಅಮೋನಿಯಂ ಫಾಸ್ಫೇಟ್ ಗೊಬ್ಬರ) ಮೇಲ್ಮಣ್ಣಲ್ಲೇ ಉಳಿದು ಪಾಚಿ ಬೆಳೆಸುತ್ತದೆ, ಅಷ್ಟೆ.

ಮೊದಲು ಮಣ್ಣು ಪರೀಕ್ಷೆ. ಗದ್ದೆಯ ಹತ್ತಾರು ಕಡೆ 15 ಸೆಂ.ಮೀ. ಆಳದಿಂದ ತೆಗೆದ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೊಡಿ. ಹುಳಿ ಮಣ್ಣಿನ ರಂಜಕ ಅಳೆಯಲು ಬ್ರೇ ವಿಧಾನ ಹೊಂದುತ್ತದೆ. ವರದಿಯಲ್ಲಿ ವಿಧಾನದ ಹೆಸರು ನೋಡಿಕೊಳ್ಳಿ.

ಸುಣ್ಣ ಬೇಕೆಂದರೆ ನಾಟಿಗೆ ಮೂರು ವಾರ ಮೊದಲೇ ಹಾಕಿ ಉಳಬೇಕು. ಸುಣ್ಣದ ಜೊತೆಗೇ ಡಿಎಪಿ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ರಂಜಕ ಸುಣ್ಣಕ್ಕೆ ಕಟ್ಟಿಬೀಳುತ್ತದೆ. ಶಿಲಾರಂಜಕ (ರಂಜಕದ ಕಲ್ಲಿನ ಪುಡಿ, ರಾಕ್ ಫಾಸ್ಫೇಟ್) ಬಳಸುವವರು ಮಾತ್ರ ಸುಣ್ಣವನ್ನು ದೂರವಿಡಿ: ಅದು ಕರಗಲು ಹುಳಿಯೇ ಬೇಕು. ಶಿಲಾರಂಜಕವನ್ನು ನೀರು ಕಟ್ಟುವ ಎರಡು ಮೂರು ವಾರ ಮೊದಲು, ತೇವವಿರುವ ಮಣ್ಣಿಗೆ ಸೇರಿಸಿ.

ಪ್ರಮಾಣ ವರದಿಯಂತೆ. ಎಕರೆಗೆ 12 ಕಿಲೋ ರಂಜಕ, ಅಂದರೆ ಚೀಲದ ಮೇಲೆ ಬರೆಯುವ ಪಿ2ಒ5, ಬೇಕೆಂದುಕೊಳ್ಳಿ. ಡಿಎಪಿಯಲ್ಲಿ ಅದು ಶೇ. 46, 26 ಕಿಲೋ, ಹೆಚ್ಚುಕಡಿಮೆ ಅರ್ಧ ಚೀಲ ಸಾಕು. ಅದರಲ್ಲೇ ಸುಮಾರು 4.7 ಕಿಲೋ ಸಾರಜನಕವೂ ಬಂತು, ಆದ್ದರಿಂದ ಯೂರಿಯಾ 10 ಕಿಲೋ ಕಡಿಮೆ ಮಾಡಿ. ಶೇ. 16ರ ಸಿಂಗಲ್ ಸೂಪರ್ ಫಾಸ್ಫೇಟ್ ಆದರೆ 75 ಕಿಲೋ. ಹೊರಲು ಕಷ್ಟ, ಆದರೆ ಗಂಧಕವೂ ಕ್ಯಾಲ್ಸಿಯಂ ಸಹ ಸಿಗುತ್ತದೆ.

ಪೂರ್ತಿ ಪ್ರಮಾಣವನ್ನು ಕೊನೆಯ ಉಳುಮೆಯಲ್ಲಿ, ನೀರು ತೆಳುವಾಗಿಸಿ, ಕಟ್ಟಪುಣಿಯ (ಗದ್ದೆಯ ಬದುವಿನ) ಕಂಡಿ ಮುಚ್ಚಿ ಎರಚಿ. ಟಿಲ್ಲರಿನಿಂದ ಕೆಸರಿಗೆ ಬೆರೆಸಿ. ಅಂದು ಜೋರು ಮಳೆಯ ಸೂಚನೆಯಿದ್ದರೆ ಮರುದಿನಕ್ಕೆ ಬಿಡಿ, ಗೊಬ್ಬರ ಪಕ್ಕದ ಗದ್ದೆ ಪಾಲಾಗುವುದು ಬೇಡ. ಹಟ್ಟಿಗೊಬ್ಬರವನ್ನು ಮಾತ್ರ ಇನ್ನೂ ಮೊದಲೇ ಸೇರಿಸಿ. ಅದು ಕೊಳೆಯುವಾಗ ಬರುವ ಆಮ್ಲಗಳು ಮಣ್ಣಿನ ಹಿಡಿತ ಕಡಿಮೆ ಮಾಡುತ್ತವೆ. ಸತುವಿನ ಸಲ್ಫೇಟನ್ನು ಡಿಎಪಿಯೊಡನೆ ಬೆರೆಸದೆ ಬೇರೆಯಾಗಿ ಕೊಡಿ. ರಂಜಕ ಅತಿಯಾದರೆ ಸತುವಿನ ಕೊರತೆ ಕಾಣಿಸಿಕೊಳ್ಳುತ್ತದೆ.

ಕೊರತೆ ಗುರುತಿಸುವಾಗ ಮೋಸಹೋಗುವುದು ಸುಲಭ. ರಂಜಕ ಕಡಿಮೆಯಾದ ಪೈರು ಹಳದಿಯಾಗುವುದಿಲ್ಲ. ಕಡುಹಸಿರಾಗಿ, ಗಿಡ್ಡವಾಗಿ, ಸಪೂರ ಎಲೆಗಳೊಡನೆ ನೆಟ್ಟಗೆ ನಿಲ್ಲುತ್ತದೆ. ತೆಂಡೆ ಕಡಿಮೆ, ಕೊಯ್ಲು ತಡ. ಕೆಲವು ತಳಿಗಳ ಹಳೆಯ ಎಲೆ ನೇರಳೆಯಾಗುತ್ತದೆ. ಎಲೆಯಲ್ಲಿ ಕಂದು ಚುಕ್ಕಿ, ನೀರ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಅದು ಕಬ್ಬಿಣದ ನಂಜು. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಷ್ಟು ಗೊಬ್ಬರವಿದ್ದರೂ ಹೀರಲಾರದು. ಎರಡಕ್ಕೂ ಎರಡು ಮೂರು ದಿನ ನೀರು ಬಸಿದು ಬಿಡಿ, ಆದರೆ ನೆಲ ಬಿರಿಯುವಷ್ಟು ಒಣಗಿಸಬೇಡಿ.

ಏಣಿಲು (ಮಳೆಗಾಲದ ಭತ್ತದ ಬೆಳೆ) ಕೊಯ್ದು ಗದ್ದೆ ಒಣಗಿದಾಗ ಕಬ್ಬಿಣ ಮತ್ತೆ ತುಕ್ಕಾಗಿ ರಂಜಕವನ್ನು ಹಿಡಿದುಕೊಳ್ಳುತ್ತದೆ. ಆ ಗದ್ದೆಗೆ ಉದ್ದು, ಹೆಸರು ಬಿತ್ತುವವರು ಭತ್ತಕ್ಕೆ ಹಾಕಿದ್ದು ಉಳಿದಿರುತ್ತದೆಂದು ನಂಬದೆ ಸ್ವಲ್ಪ ಸೂಪರ್ ಫಾಸ್ಫೇಟನ್ನು ಬೀಜದ ಸಾಲಿನ ಬದಿಗೇ ಕೊಡಬೇಕಾಗುತ್ತದೆ.