ಪೈಪು ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು?

ಮಳೆನೀರು ಚರಂಡಿಗಳ ವಿನ್ಯಾಸ ನನ್ನ ಕೆಲಸ. ನಗರಕ್ಕೆ ಪ್ರವಾಹದ ಯೋಜನೆ ಮಾಡಲು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ: ಪೈಪು ಎಷ್ಟು ದೊಡ್ಡದು ಹಾಕ್ತೀರಿ? ಎಷ್ಟು ದೊಡ್ಡದು ಹಾಕಿದರೂ ಒಂದಲ್ಲ ಒಂದು ದಿನ ತುಂಬಿಯೇ ತುಂಬುತ್ತೆ, ಅಲ್ವಾ? ಆಮೇಲಿನ ನೀರಿಗೆ ದಾರಿ ಹುಡುಕೋದರಲ್ಲೇ ನಮ್ಮ ಹೆಚ್ಚಿನ ಸಮಯ ಹೋಯಿತು.

ಮೊದಲು ಮಳೆಯ ಲೆಕ್ಕ. 60 ಮಿ.ಮೀ. ಮಳೆ ದಿನವಿಡೀ ಜಿಟಿಜಿಟಿ ಹಿಡಿದರೆ ಚರಂಡಿಗೆ ತೊಂದರೆಯಿಲ್ಲ. ಅಷ್ಟೇ ಮಳೆ ಅರ್ಧ ಗಂಟೆಯಲ್ಲಿ ಸುರಿದರೆ ರಸ್ತೆಯೇ ಹೊಳೆ. ಹಾಗಾಗಿ ದಿನದ ಮೊತ್ತ ಬಿಟ್ಟು 15 ನಿಮಿಷದ ಅಂಕಿಗಳನ್ನು ತಗೊಂಡೆವು. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿಯಬಲ್ಲದು. ಅದಕ್ಕೇ ಹಳೇ ಅಂಕಿಗಳನ್ನು ಸ್ವಲ್ಪ ಏರಿಸಿಯೇ ಲೆಕ್ಕ ಹಾಕಿದೆವು. 'ನೂರು ವರ್ಷಕ್ಕೊಮ್ಮೆ ಬರೋ ಮಳೆಗೆ ಈಗಲೇ ಯಾಕೆ ಖರ್ಚು?' ಅಂತ ಸಭೆಯಲ್ಲಿ ಕೇಳಿದರು. ಪ್ರತಿ ವರ್ಷ 1% ಸಾಧ್ಯತೆ ಅಂದರೆ 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26% ಅಂದೆ. ಮತ್ತೆ ಯಾರೂ ಆ ಪ್ರಶ್ನೆ ಎತ್ತಲಿಲ್ಲ.

ನಕ್ಷೆ ಹಿಡಿದು ಬೀದಿ ಸುತ್ತಿದ್ದು ನಿಜವಾಗಿ ಕೆಲಸಕ್ಕೆ ಬಂತು. ಕಂಪ್ಯೂಟರಿನ ನಕ್ಷೆಯಲ್ಲಿ ಕಾಂಪೌಂಡ್ ಗೋಡೆ, ಹಂಪು ಯಾವುದೂ ಕಾಣಲ್ಲ. ಒಂದು ಬೀದಿಯಲ್ಲಿ ಹಳೇ ಡಾಂಬರು ಕೀಳದೆ ಮೇಲಿಂದ ಮೇಲೆ ಹಾಕಿ, ರಸ್ತೆ ಮನೆಗಳ ಹೊಸ್ತಿಲಿಗಿಂತ ಎತ್ತರವಾಗಿತ್ತು. ಅದರ ಮೇಲೊಂದು ಹಂಪು. ನೇರ ಕಾಲುವೆಗೆ ಇಳಿಯಬೇಕಾದ ನೀರು ಹಂಪಿಗೆ ತಡೆದು ಪಕ್ಕದ ಗಲ್ಲಿಗೆ ತಿರುಗುತ್ತಿತ್ತು. ಗೋಡೆ ಮೇಲಿನ ಕೆಸರಿನ ಗೆರೆ ತೋರಿಸಿ ಅಲ್ಲಿನ ಅಜ್ಜಿಯೊಬ್ಬರು ಹೇಳಿದ್ದನ್ನು ಯಾವ ಮಾಡೆಲ್ಲೂ ಹೇಳಿರಲಿಲ್ಲ. ಡಾಂಬರು ಕೆರೆಸಿ, ಹಂಪು ತೆಗೆಸಿದೆವು.

ತಗ್ಗಿನಲ್ಲಿದ್ದ ಆಟದ ಮೈದಾನವನ್ನು ಮೊಣಕಾಲುದ್ದ ಇಳಿಸಿ, ರಸ್ತೆ ಬದಿಯ ಕರ್ಬನ್ನು (ಅಂಚಿನ ಕಲ್ಲಿನ ಕಟ್ಟೆ) ಅಲ್ಲಲ್ಲಿ ಕತ್ತರಿಸಿ ನೀರು ಒಳಗೆ ಬರುವಂತೆ ಮಾಡಿದೆವು. ಇದೇನು ಹೊಸದಲ್ಲ. 2011ರ ಜುಲೈನಲ್ಲಿ ಮುಳುಗಿದ ಕೋಪನ್‌ಹೇಗನ್ ಮರುವರ್ಷವೇ ರಸ್ತೆ, ಪಾರ್ಕುಗಳಲ್ಲಿ ನೀರು ಹರಿಸುವ, ನಿಲ್ಲಿಸುವ ಯೋಜನೆ ಮಾಡಿತು. ರೋಟರ್‌ಡ್ಯಾಮ್‌ನ ಬೆಂಥೆಮ್‌ಪ್ಲೈನ್ ಚೌಕದಲ್ಲಿ ಬಿಸಿಲಿದ್ದಾಗ ಆಟ, ಮಳೆ ಬಂದಾಗ ಕೊಳ. ಆದರೂ 'ಮಕ್ಕಳು ಆಡೋ ಜಾಗಕ್ಕೆ ಗಲೀಜು ನೀರು ಬಿಡ್ತೀರಾ?' ಅಂತ ಜಗಳ ಆಯಿತು. ಅವರ ಆತಂಕದಲ್ಲೂ ನ್ಯಾಯವಿತ್ತು. ಒಳಚರಂಡಿ ನೀರು ಸೇರುತ್ತಿದ್ದ ಜಾಗಗಳನ್ನು ಮೊದಲು ಮುಚ್ಚಿಸಿ, ಆಮೇಲೆ ಕರ್ಬ್ ಕತ್ತರಿಸಿದೆವು.

ಪಂಪ್‌ಹೌಸಿನಲ್ಲಿ ಸ್ವಿಚ್ ಬೋರ್ಡ್ ನೆಲಕ್ಕೆ ಹತ್ತಿರ ಇತ್ತು. ನೀರು ಬಂದರೆ ಮೊದಲು ಮುಳುಗೋದೇ ಅದು! ಮೇಲಕ್ಕೆ ಏರಿಸಿದೆವು. ಖರ್ಚು ತೀರಾ ಕಮ್ಮಿ.

ಈಗಿನ ತಲೆನೋವು ಮೋರಿ ಜಾಲರಿಗಳದ್ದು. ಕಸ ಕಟ್ಟಿದರೆ ಮೇಲಿನದೆಲ್ಲ ದಂಡ. ಒಂದೊಂದು ಜಾಲರಿಯ ಹೊಣೆಯನ್ನೂ ಒಬ್ಬೊಬ್ಬರಿಗೆ ವಹಿಸಿ, ಅವರ ಫೋನ್ ನಂಬರನ್ನು ಪಕ್ಕದ ಕಂಬದ ಮೇಲೆ ಬರೆಸುತ್ತಿದ್ದೇವೆ.