ಉಂಡದ್ದು ಹೊರಗೆ ಬರೋಕೆ ಎಷ್ಟು ಹೊತ್ತು? ಮನೇಲೇ ನೋಡ್ಕೊಳ್ಳಿ

ಬೆಳಗ್ಗೆ ಒಂದು ಲೋಟ ಕಾಫಿ ಇಳೀತಿದ್ದ ಹಾಗೇ ಓಡ್ತೀವಲ್ಲ, ಅದು ರಾತ್ರಿ ತಿಂದ ಕಡಂಬುಟ್ಟು (ಅಕ್ಕಿ ತರಿ ಉಂಡೆ) ಅಂತ ತುಂಬಾ ಜನ ಅಂದ್ಕೊಂಡಿದಾರೆ. ಬಹಳಷ್ಟು ಸಲ ಅಲ್ಲ. ಹೊಟ್ಟೆಗೆ ಏನಾದ್ರೂ ಬಿದ್ರೆ ದೊಡ್ಡ ಕರುಳು ಚುರುಕಾಗಿ ಮೊದಲೇ ಅಲ್ಲಿದ್ದ ಹಳೇ ಸರಕನ್ನ ತಳ್ಳುತ್ತೆ, ಕಾಫಿ ಅದಕ್ಕೆ ಕುಮ್ಮಕ್ಕು ಕೊಡುತ್ತೆ ಅಷ್ಟೆ. ನಿಜವಾಗ್ಲೂ ಎಷ್ಟು ಹೊತ್ತು ಬೇಕು ಅಂತ ನೋಡೋಕೆ ಒಂದು ಮುಸುಕಿನ ಜೋಳದ ತೆನೆ ಸಾಕು.

ಮೊದಲು ಒಂದು ವಾರ ಜೋಳ ಮುಟ್ಟಬೇಡಿ, ಮಡಿಕೇರಿ ರಾಜಾ ಸೀಟ್ ಕಡೆ ವಾಕಿಂಗ್ ಹೋದ್ರೂ ಸುಟ್ಟ ಜೋಳ ಬೇಡ, ಇಲ್ಲಾಂದ್ರೆ ಯಾವುದು ಯಾವತ್ತಿನದು ಅಂತ ಗೊತ್ತಾಗಲ್ಲ. ಆಮೇಲೆ ಒಂದಿನ ಊಟದ ಜೊತೆ ಅರ್ಧ ಕಪ್ ಬೇಯಿಸಿದ ಸ್ವೀಟ್ ಕಾರ್ನ್ ತಿನ್ನಿ, ನುಣ್ಣಗೆ ಅಗೀಬೇಡಿ, ಒಂದಷ್ಟು ಕಾಳು ಹಾಗೇ ನುಂಗಿ. ಟೈಮು ಫೋನಲ್ಲಿ ಬರ್ಕೊಳ್ಳಿ. ಜೋಳದ ಸಿಪ್ಪೆ ನಮಗೆ ಜೀರ್ಣ ಆಗಲ್ಲ, ಹಳದಿ ಹಳದಿಯಾಗೇ ಹೊರಗೆ ಬರುತ್ತೆ, ಅದಕ್ಕೇ ಅದು ಬೇಕಿರೋದು.

ಇನ್ನು ನೋಡೋ ಕೆಲಸ, ಮುಖ ಸಿಂಡರಿಸಬೇಡಿ. ಇಂಡಿಯನ್ ಟಾಯ್ಲೆಟ್ ಇದ್ರೆ ನೀರು ಹಾಕೋ ಮುಂಚೆ ಒಂದು ಸಲ ಬಗ್ಗಿ ನೋಡಿದ್ರೆ ಮುಗೀತು, ಕಮೋಡಲ್ಲಿ ಮುಳುಗಿ ಹೋಗುತ್ತೆ, ಟಾರ್ಚ್ ಬೇಕಾಗುತ್ತೆ. ಮೊದಲ ಕಾಳು ಕಂಡ ಟೈಮು ಬರೀರಿ, ಆದ್ರೆ ಅಲ್ಲಿಗೇ ಬಿಡಬೇಡಿ, ಕೊನೇ ಕಾಳು ಕಂಡಿದ್ದೂ ಬರೀರಿ, ಯಾಕಂದ್ರೆ ಒಂದೇ ಊಟ ಎರಡು ಮೂರು ಕಂತಲ್ಲಿ ಬರುತ್ತೆ.

ಹೊಟ್ಟೆಯಿಂದ ಇಳಿಯೋಕೆ ಎರಡರಿಂದ ಐದು ಗಂಟೆ, ಸಣ್ಣ ಕರುಳಿಗೆ ಎರಡರಿಂದ ಆರು, ಉಳಿದ ಟೈಮೆಲ್ಲಾ ದೊಡ್ಡ ಕರುಳಲ್ಲೇ, ಅಲ್ಲಿ ನೀರು ಹೀರ್ಕೊಂಡು ನಿಧಾನಕ್ಕೆ ಕೂತಿರುತ್ತೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೀಲಿ ಬಣ್ಣ ಹಾಕಿದ ಮಫಿನ್ ತಿನ್ನಿಸಿ ನೂರಾರು ಜನರ ಮೇಲೆ ಇದೇ ತರ ನೋಡಿದ್ರು, ನಡುಮಧ್ಯದ ಲೆಕ್ಕ ಸುಮಾರು 29 ಗಂಟೆ ಬಂತು. 12ರಿಂದ 72 ಗಂಟೆ ಒಳಗಿದ್ರೆ ತಲೆ ಕೆಡಿಸ್ಕೋಬೇಡಿ. ಹೆಂಗಸರಿಗೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿನೇ.

ಜೋಳ ಇಷ್ಟ ಇಲ್ಲಾಂದ್ರೆ ಒಂದು ಚಮಚ ಎಳ್ಳು ನೀರಿನ ಜೊತೆ ನುಂಗಿ. ಬೀಟ್‌ರೂಟೂ ಆಗುತ್ತೆ, ಆದ್ರೆ ಮೂತ್ರ ಕೆಂಪಾದ ತಕ್ಷಣ ಬಂತು ಅಂತ ಲೆಕ್ಕ ಹಾಕಬೇಡಿ. ಕೊಡಗಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದ್ರೆ ಕಕ್ಕಡ ಪದಿನೆಟ್ಟ್‌ಗೆ ಮದ್ದು ಸೊಪ್ಪಿನ ಪಾಯಸ ಕುಡಿದು ಮರುದಿನ ಕೆಂಪಾದ ಮೂತ್ರ ನೋಡಿ ಖುಷಿ ಪಡೋರಿಗೆ ಇದು ಗೊತ್ತಿರಲಿ, ಆ ಬಣ್ಣ ರಕ್ತಕ್ಕೆ ಸೇರಿ ಕಿಡ್ನಿಯಿಂದ ಇಳಿದಿರೋದು, ಕರುಳಿನ ದಾರಿ ಪೂರ್ತಿ ದಾಟಿದ್ದಲ್ಲ. ಅಂಥ ಬಣ್ಣ ನಂಬೋದಕ್ಕಿಂತ ಕರಗದ ಸಿಪ್ಪೆನೇ ವಾಸಿ ಅಂತ ನನ್ನ ಅಭಿಪ್ರಾಯ.

ಮದುವೆ ಮನೆ ಊಟ, ಪ್ರಯಾಣ, ಭೇದಿ, ಆಂಟಿಬಯಾಟಿಕ್ ಕೋರ್ಸ್, ಇವೆಲ್ಲ ಇರೋ ವಾರ ಟೆಸ್ಟ್ ಬೇಡ. ಮಾಮೂಲಿ ಅಕ್ಕಿ ರೊಟ್ಟಿ, ಸಾರು, ಪಲ್ಯ ತಿನ್ನೋ ದಿನಗಳಲ್ಲಿ ಮಾಡಿ, ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಮಾಡಿ, ಒಂದೇ ಸಲದ್ದು ನಂಬೋ ಹಾಗಿಲ್ಲ. ಕರುಳಿನ ಆಪರೇಷನ್ ಆಗಿರೋರು, ಕರುಳು ಕಿರಿದಾಗಿದೆ ಅಂತ ಡಾಕ್ಟ್ರು ಹೇಳಿರೋರು ಈ ಆಟಕ್ಕೆ ಬರಬೇಡಿ.

ಮೂರು ದಿನ ದಾಟಿದ್ರೂ ಪತ್ತೆ ಇಲ್ಲ, ಪ್ರತಿ ಸಲ ಇದೇ ಕತೆ ಅಂದ್ರೆ ಡಾಕ್ಟ್ರಿಗೆ ಆ ಟೈಮುಗಳನ್ನ ತೋರ್ಸಿ. ಅವರು ಬೇಕು ಅಂದ್ರೆ 24 ಪುಟ್ಟ ರಿಂಗ್ ಇರೋ ಕ್ಯಾಪ್ಸೂಲ್ ನುಂಗಿಸಿ ಐದನೇ ದಿನ ಎಕ್ಸ್‌ರೇ ತೆಗಿಸ್ತಾರೆ, ಐದಕ್ಕಿಂತ ಜಾಸ್ತಿ ಒಳಗೇ ಉಳಿದಿದ್ರೆ ಕರುಳು ನಿಧಾನ ಅಂತ. ಬೀಟ್‌ರೂಟ್ ತಿನ್ನದೇ ಕೆಂಪು ಕಂಡ್ರೆ, ಕಬ್ಬಿಣದ ಮಾತ್ರೆ ತಗೊಳ್ದೇ ಡಾಂಬರಿನ ಹಾಗೆ ಕಪ್ಪಗಾದ್ರೆ ಜೋಳ ಗೀಳ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.